ದರ್ಜಿಯ ಗಂಟು

೧೮೦೩ರಲ್ಲಿ ಫ್ರಾನ್ಸಿನೊಂದಿಗೆ ಮತ್ತೆ ಯುದ್ಧ ಶುರುವಾದಾಗ, ಇಂಗ್ಲೆಂಡಿನ ಬಂದರುಗಳಲ್ಲಿ ಕಣ್ಣಿಗೆ ಬಿದ್ದ ನಾವಿಕರನ್ನೆಲ್ಲ ದೊರೆಯ ಯುದ್ಧನೌಕೆಗಳಿಗೆ ಎಳೆದೊಯ್ಯುತ್ತಿದ್ದರು. ಹೋದವರು ಮರಳುವುದು ಅಪರೂಪ. ಹಾಗಾಗಿ, ಹುಡುಗನಾಗಿದ್ದಾಗಿನಿಂದ ಹಡಗಿನಲ್ಲೇ ದುಡಿದಿದ್ದ ಹೆಸ್ಟರಳ ಗಂಡ ಈಗ ಊರವರ ಪಾಲಿಗೆ ದರ್ಜಿಯಾಗಿದ್ದ. ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ.

ನಾವಿಕರನ್ನು ಹಿಡಿಯುವ ಅಧಿಕಾರಿ ಒಳಗೆ ಬಂದಾಗ ಅವನು ಕಿಟಕಿಯ ಬಳಿ ಕೂತು ಕೋಟಿಗೆ ಗುಂಡಿ ಹೊಲಿಯುತ್ತಿದ್ದ.

“ಸಮುದ್ರ ಕಂಡಿದ್ದೀಯೇನಯ್ಯ?”

“ದೋಣಿ ಹತ್ತಿದ್ರೆ ವಾಂತಿ ಆಗತ್ತೆ, ಸಾಹೇಬ್ರೆ.”

“ಇವರು ಬಟ್ಟಲ ನೀರಲ್ಲೂ ಮುಳುಗೋ ಪೈಕಿ,” ಎಂದಳು ಹೆಸ್ಟರ್.

ಅಧಿಕಾರಿ ನಕ್ಕು ಬಾಗಿಲ ಕಡೆ ತಿರುಗಿದ. ಗಂಡ ಮತ್ತೆ ಗುಂಡಿ ಹೊಲಿಯತೊಡಗಿದ.

“ಒಂದ್ನಿಮಿಷ, ಸಾಹೇಬ್ರೆ,” ಎಂದಳು ಹೆಸ್ಟರ್. “ನಿನ್ನೆ ನನ್ನ ತಮ್ಮನ್ನ ಹಿಡ್ಕೊಂಡು ಹೋದ್ರಲ್ಲ, ಅವನಿಗೆ ಈ ರೊಟ್ಟಿ ತಲುಪಿಸ್ತೀರಾ? ರೀ, ಬೇಗ ಒಂದು ಗಂಟು ಕಟ್ಟಿಕೊಡಿ.”

ಅವನು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಹಗ್ಗದಿಂದ ಬಿಗಿದು ಕೊಟ್ಟ. ಅಧಿಕಾರಿ ಗಂಟನ್ನು ಎಳೆದು ನೋಡಿದ, ತಿರುಗಿಸಿ ನೋಡಿದ.

“ಭಲೇ ದರ್ಜಿ ಕಣಯ್ಯ ನೀನು! ಈ ಗಂಟು ಹಾಯಿ ಕಟ್ಟೋ ಕೈಗಷ್ಟೇ ಬರೋದು.”

ಅವನ ಆಳುಗಳು ನುಗ್ಗಿ ಬಂದು ದರ್ಜಿಯ ತೋಳು ಹಿಡಿದರು. ಹೆಸ್ಟರ್ ಮುಖ ಮುಚ್ಚಿಕೊಂಡು ಅತ್ತಳು.

“ಅಳಬೇಡ್ವೇ. ನಿನಗೇನು ಗೊತ್ತಿತ್ತು, ಪಾಪ? ಕೈ ನಂದು, ತಪ್ಪೂ ನಂದೇ,” ಎಂದ ಗಂಡ.

ಅಧಿಕಾರಿ ಬಾಗಿಲಾಚೆ ಕೂಗಿದ: “ಅವಳ ತಮ್ಮನ್ನ ಬಿಟ್ಬಿಡ್ರೋ. ಅಕ್ಕ ಮಾತು ಉಳಿಸ್ಕೊಂಡ್ಳು.”