ಪಾಸ್ಟರು ಹತ್ತಲಾರದ ಇಳಿಜಾರು

ಗಾಲಿಕುರ್ಚಿ ಮೂರನೆಯ ಸಲವೂ ಪಾಸ್ಟರನ್ನು ಹೊತ್ತು ಹಿಂದಕ್ಕೆ ಜಾರಿ, ಫೋಟೊಗೆಂದು ಸಾಲಾಗಿ ನಿಂತಿದ್ದ ಅವರ ಸಭೆಯವರನ್ನೆಲ್ಲ ದಿಕ್ಕಾಪಾಲು ಮಾಡಿತು. ಹತ್ತು ದಿನದ ಸೇವೆಗೆಂದು ಈ ಹಳ್ಳಿಗೆ ಬಂದಿದ್ದ ಅವರೆಲ್ಲ ಸೇರಿ ಪುಟ್ಟ ಆಸ್ಪತ್ರೆಯ ಬಾಗಿಲಿಗೆ, ಗಾಲಿಕುರ್ಚಿಯವರಿಗೆಂದು, ಕಟ್ಟಿಕೊಟ್ಟ ಇಳಿಜಾರು ಅದು. ಎಂಥ ಕಡಿದು ಅಂತೀರಿ! ಆಡು ಕೂಡ ಉಯಿಲು ಬರೆದಿಟ್ಟೇ ಹತ್ತಬೇಕು.

"ಅದಕ್ಕೇ ಮೊದಲು ನೀವು ಹತ್ತಿ ಅಂದಿದ್ದು," ಎಂದಳು ಕುರ್ಚಿಯ ಒಡತಿ ಅಜ್ಜಿ, ಬೆಂಚಿನ ಮೇಲೆ ಮಹಾರಾಣಿಯಂತೆ ಕೂತು.

"ಯಾರಾದ್ರೂ ತಳ್ಳಿದ್ರೆ ಹತ್ತುತ್ತೆ, ಅಜ್ಜಿ." ಸಾವಿರ ಜನಕ್ಕೆ ಮೈಕಿಲ್ಲದೆ ಬೋಧಿಸುವ ಪಾಸ್ಟರ ದನಿ ಈಗ ಸೊಳ್ಳೆಗೂ ಕೇಳಿಸಲಿಲ್ಲ.

"ತಳ್ಳೋರು ಈಗ ಬಸ್ಸು ಹತ್ತುತ್ತಾರಲ್ಲಪ್ಪ. ವಾರಕ್ಕೆ ಮೂರು ಸಲ ಔಷಧಿಗೆ ನಾನು ಒಬ್ಬಳೇ ಬರಬೇಕು."

ಬಸ್ಸು ಏಳೂರಿಗೆ ಕೇಳುವಂತೆ ಹಾರ್ನ್ ಹೊಡೆಯಿತು. "ರೀ, ಒಂದು ಪ್ರಾರ್ಥನೆ ಮಾಡಿ ಹೊರಟುಬಿಡೋಣ," ಎಂದರು ಪಾಸ್ಟರ ಹೆಂಡತಿ, ಬಸ್ಸಿನ ಮೆಟ್ಟಿಲ ಮೇಲಿಂದ.

ಪಾಸ್ಟರು ಕುರ್ಚಿಯಿಂದೆದ್ದು, ಇಸ್ತ್ರಿ ಅಂಗಿ ಬಿಚ್ಚಿ, ಹಾರೆ ಎತ್ತಿ ಭೂಮಿ ಮೂರಡಿ ಕುಸಿಯುವಂತೆ ಕಾಂಕ್ರೀಟಿಗೆ ಒಂದು ಏಟು ಕೊಟ್ಟರು. "ಬಸ್ಸು ಹೋಗ್ಲಿ. ಅಜ್ಜಿ ಒಬ್ಬರೇ ಹತ್ತಿ ಒಳಗೆ ಹೋದ್ಮೇಲೇ ನಾವು ಊರಿಗೆ."

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ಚೀಲಗಳನ್ನೂ ಬಸ್ಸಿನಿಂದ ಕೆಳಗೆ ಎಸೆಯತೊಡಗಿದರು.