ಹಾಂಗ್‌ಕಾಂಗ್‌ಗೆ ಹೋದ ಆಡಿಟರು

ಜೀಪು ನಿಂತ ಸದ್ದಿಗೆ ಗಂಗಹನುಮಯ್ಯ ಕಿಟಕಿಯ ಪರದೆ ಎಳೆದ. ಸಂದಿಯಿಂದ ನೋಡಿದ. ಇಳಿದವರು ತುಮಕೂರಿನವರಲ್ಲ.

ಕುಣಿಗಲ್‌ನ ಈ ಲಾಡ್ಜಿನಲ್ಲಿ ಅವನಿಗೆ ಇದು ನಾಲ್ಕನೆಯ ಮಧ್ಯಾಹ್ನ. ತುಮಕೂರಿನವರ ಪಾಲಿಗೆ ಅವನೀಗ ಹಾಂಗ್‌ಕಾಂಗ್‌ನಲ್ಲಿದ್ದ, ವಿಶ್ವ ಲೆಕ್ಕಪರಿಶೋಧಕರ ಸಮ್ಮೇಳನದಲ್ಲಿ.

ಶಿರಾ ಗೇಟ್ ಬಳಿಯ ಸಭಾಂಗಣದಲ್ಲಿ ಊರಿನ ಆಡಿಟರುಗಳೆಲ್ಲ ಸೇರಿ ಬೀಳ್ಕೊಟ್ಟಿದ್ದರು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಪತ್ರಿಕೆಯಲ್ಲಿ ಫೋಟೋ ಬಂತು. ಪಾಸ್‌ಪೋರ್ಟ್ ಮಾತ್ರ ಬರಲಿಲ್ಲ. ಪೊಲೀಸ್ ವಿಚಾರಣೆ ಗೂಳೂರಿನ ಹಳೆಯ ವಿಳಾಸಕ್ಕೆ ಹೋಗಿ ಅಲ್ಲೇ ನಿಂತಿತ್ತು. ಹಾರ ಹಾಕಿಸಿಕೊಂಡ ಮೇಲೆ ಹೋಗಲಿಲ್ಲ ಎನ್ನುವುದು ಹೇಗೆ? ಶೆಟ್ಟಿಹಳ್ಳಿಯ ಮನೆಗೆ ಬೀಗ ಹಾಕಿ ಹೊರಟುಬಿಟ್ಟ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ; ಅಷ್ಟರಮಟ್ಟಿಗೆ ಸುಳ್ಳು ಹೇಳುವ ಕೆಲಸ ತಪ್ಪಿತು.

ಭಯ ಇದ್ದದ್ದು ಒಬ್ಬರದೇ. ಅದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡಿದ್ದ ಹಿರಿಯ ಆಡಿಟರ್ ಸದಾಶಿವಯ್ಯನವರದು. ಐದು ವರ್ಷದ ಹಿಂದೆ ಪ್ಯಾರಿಸ್ ಸಮ್ಮೇಳನಕ್ಕೂ ಹೋಗಿಬಂದವರು. ನೂರು ದೇಶದವರು ಒಂದೇ ಸೂರಿನಡಿ ಕೂತದ್ದನ್ನು, ಕಿವಿಗೆ ಹಾಕಿದ ಯಂತ್ರದಲ್ಲಿ ಬೇಕಾದ ಭಾಷೆ ಕೇಳಿಸಿದ್ದನ್ನು ಅವರು ಹೇಳುತ್ತಿದ್ದರೆ ಗಂಗಹನುಮಯ್ಯನ ಟೀ ಆರಿಹೋಗುತ್ತಿತ್ತು. ಈ ಸಲ ಒಟ್ಟಿಗೆ ಹೋಗೋಣವೆಂದು ಕೇಳಿದ್ದ. ತಮ್ಮದು ಬೇರೆ ವಿಮಾನ, ಅಲ್ಲೇ ಸಿಗೋಣ ಎಂದಿದ್ದರು. ವಾಪಸು ಬಂದು ನೀವು ಕಾಣಲೇ ಇಲ್ಲವಲ್ಲ ಎಂದು ಅವರೊಂದು ಮಾತು ಕೇಳಿದರೆ ಮುಗಿಯಿತು, ಊರಲ್ಲಿ ತಲೆ ಎತ್ತುವಂತಿಲ್ಲ.

ಗೋಡೆಯ ಕಡೆ ತಿರುಗಿ ಉತ್ತರವನ್ನು ಮತ್ತೊಮ್ಮೆ ಒಪ್ಪಿಸಿದ: ಅಷ್ಟು ಜನದಲ್ಲಿ ನಿಮ್ಮನ್ನು ಎಲ್ಲಿ ಅಂತ ಹುಡುಕಲಿ?

ಲಾಡ್ಜ್ ನಡೆಸುವ ನರಸಿಂಹಮ್ಮ ಎರಡು ಊಟದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮಂಡಿ ನೋವಿಗೆ ಮುಖ ಕಿವುಚಿಕೊಂಡಿದ್ದಳು.

"ಪಕ್ಕದ ರೂಮ್ನೋರೂ ನಿಮ್ಮಂಗೇ ಸಾರ್, ನಾಕು ದಿನದಿಂದ ಹೊಸ್ಲು ದಾಟಿಲ್ಲ. ಅದೇನು ತಪಸ್ಸು ಮಾಡ್ತೀರೋ. ಇಬ್ರೂ ಒಂದ್ಕಡೆ ಕೂತು ಉಂಡ್ಬುಡಿ, ನನ್ ಕಾಲು ಉಳೀತದೆ."

ಅವನು ತಡೆಯುವ ಮೊದಲೇ ಪಕ್ಕದ ಬಾಗಿಲು ಬಡಿದಳು. ಚಿಲಕ ಸರಿಯಿತು.

ಬನಿಯನ್ನಿನಲ್ಲಿ ನಿಂತಿದ್ದವರು ಸದಾಶಿವಯ್ಯ.

ನರಸಿಂಹಮ್ಮ ಎರಡೂ ತಟ್ಟೆಗಳನ್ನು ಅಲ್ಲೇ ಇಟ್ಟು ಮೆಟ್ಟಿಲಿಳಿದಳು. ಸದಾಶಿವಯ್ಯನವರು ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವನತ್ತ ಸರಿಸಿದರು.

"ಕೂತ್ಕೊಳಿ ಗಂಗಹನುಮಯ್ನೋರೆ. ಅಲ್ಲಿ ಇಬ್ರೂ ಜೊತೇಲೇ ಇದ್ವಿ ಅಂದ್ಬುಡೋಣ, ಯಾರೂ ಕೇಳಲ್ಲ. ಪ್ಯಾರಿಸ್‌ಗೆ ಹೋದಾಗ ಇದೇ ರೂಮಲ್ಲಿ ಒಬ್ನೇ ಇದ್ದೆ. ಬಾಳ ಬೇಜಾರಾಗಿತ್ತು."

"ಬೇಡ," ಎಂದ ಗಂಗಹನುಮಯ್ಯ. "ನಾನು ಹೋಗ್ಲಿಲ್ಲ ಅಂತ್ಲೇ ಹೇಳ್ತೀನಿ."