ಬಂಡಿಗೆ ಕಟ್ಟಿದ ಮಡಕೆ

"ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದ ಗಿಡಕ್ಕೆ ಸಂಜೆ ಅಂಗಮಾರಿ ರೋಗ! ಏನಮ್ಮಾ ಸಂಘಮಿತ್ರ, ನಿನ್ನ ಬಂಡಿ ಮಧ್ಯಾಹ್ನ ಏನಾದ್ರೂ ಹೆಂಡ ಕುಡೀತಾ?" ಟೊಮೆಟೊ ಹೊಲದ ಬದುವಿನ ಮೇಲೆ ನಿಂತು ಪುಟ್ಟಸ್ವಾಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಘಮಿತ್ರ ನಗಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿ ಕೂತಿದ್ದಳು. ಅವಳ ಬಂಡಿ ಎಂದರೆ ಎರಡು ಸೈಕಲ್ ಚಕ್ರ, ಒಂದಿಷ್ಟು ಪೈಪು, ಮೇಲಿನಿಂದ ತಲೆಕೆಳಗಾಗಿ ನೇತುಹಾಕಿದ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಚಿಂತಾಮಣಿಯ ಸೈಕಲ್ ಶಾಪಿನಲ್ಲಿ ಬೆಸುಗೆ ಹಾಕಿಸಿದ್ದು. ಸಾಲಿನ ಮೇಲೆ ತಳ್ಳಿಕೊಂಡು ಹೋದರೆ ಗಿಡಗಿಡದ ಫೋಟೋ ತೆಗೆಯುತ್ತದೆ. ಎಲೆಯಲ್ಲಿ ಹಸಿರು ಎಷ್ಟು, ರೋಗದ ಹಳದಿ, ಕಂದು ಎಷ್ಟು ಎಂದು ಅವಳೇ ಬರೆದ ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಇಂಥದೇ ಯಂತ್ರ ಹೊರದೇಶದಲ್ಲಿದೆಯಂತೆ. ಅದನ್ನು ತರಿಸಬೇಕೆಂದರೆ ಇವರು ತಮ್ಮ ಸಂಶೋಧನಾ ಕೇಂದ್ರವನ್ನೇ ಮಾರಬೇಕು.

ಪುಟ್ಟಸ್ವಾಮಯ್ಯನವರ ಬಳಿ ಇದ್ದದ್ದು ಎರಡು ಕಣ್ಣು, ಅಷ್ಟೆ. ಆದರೆ ಎಂಥಾ ಕಣ್ಣು! ಗಿಡದ ಮುಂದೆ ಒಂದು ಗಳಿಗೆ ನಿಂತು ಇದು ತಡೆಯುತ್ತೆ, ಇದು ಹೋಗುತ್ತೆ ಎಂದರೆ ಅದೇ ಕೊನೆಯ ಮಾತು. ಅಂಬಾಜಿದುರ್ಗದ ತಪ್ಪಲಿನ ಈ ಹೊಲದ ತುಂಬ ಇದ್ದದ್ದು ಅವರೇ ತಳಿ ಕೂಡಿಸಿ ಬೆಳೆಸಿದ ಗಿಡಗಳು. ಯಾವುದೋ ಒಂದಕ್ಕಾದರೂ ಅಂಗಮಾರಿಯನ್ನು ತಡೆಯುವ ಶಕ್ತಿ ಇದ್ದೀತು. ಆದರೆ ಒಂದೊಂದನ್ನೇ ನೋಡುತ್ತಾ ಅವರು ಆ ತುದಿ ಮುಟ್ಟುವಷ್ಟರಲ್ಲಿ ರೋಗ ಬಲಿತು, ತಕ್ಕಮಟ್ಟಿಗೆ ತಡೆದುಕೊಂಡಿದ್ದ ಗಿಡವೂ ಸುಟ್ಟುಹೋಗಿ, ಯಾವುದು ಗಟ್ಟಿ ಯಾವುದು ಜೊಳ್ಳು ತಿಳಿಯದಂತಾಗುತ್ತಿತ್ತು. ವರ್ಷ ವರ್ಷವೂ ಇದೇ ಪಾಡು. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಬಂಡಿ ಇವತ್ತು ಸರಿಯಾದ ಲೆಕ್ಕ ಕೊಡದಿದ್ದರೆ ನಾಳೆಯೇ ಗುಜರಿಗೆ ಎಂದು ಹೇಳಿಬಿಟ್ಟಿದ್ದರು. ನಗುತ್ತಿದ್ದರೇನೋ ನಿಜ, ಒಳಗೊಳಗೆ ಅವರಿಗೂ ಸಂಕಟವೇ.

"ಅದಿರಲಿ, ಎಲ್ಲಾ ಫೋಟೋದ ಮೂಲೇಲೂ ಇದೇನಿದು ಕರ್ರಗೆ?" ಎಂದು ಲ್ಯಾಪ್‌ಟಾಪಿಗೆ ಇಣುಕಿ ಕೇಳಿದವರು ಬಂಡಿಯ ಕಡೆ ತಿರುಗಿದರು. ಮುಂದಿನ ಪೈಪಿಗೆ ಮಸಿ ಬಳಿದ ಕುಡಿಕೆಯಂಥ ಒಂದು ಮಡಕೆ ಜೋತಾಡುತ್ತಿತ್ತು. ಅದರ ಮೇಲೆ ಸುಣ್ಣದ ದೊಡ್ಡ ಬೊಟ್ಟು. "ಯಾರು ಕಟ್ಟಿದ್ದು ಇದನ್ನ?"

ಕಳೆ ಕೀಳುತ್ತಿದ್ದ ಗಂಗುಲಮ್ಮ ಸೊಂಟ ನೆಟ್ಟಗೆ ಮಾಡಿದಳು. "ನಾನೇ ಸ್ವಾಮಿ, ಬೆಳಿಗ್ಗೇನೇ ಕಟ್ಟಿದೆ. ಒಂದೊಂದು ಗಿಡಾನೂ ಹಂಗೆ ಗುಡ್ಡೆ ಬಿಟ್ಕೊಂಡು ನೋಡ್ತೈತಲ್ಲ ಇದು! ಹೂವು ಕಟ್ಟಿರೋ ಗಿಡಗಳು, ದೃಷ್ಟಿ ಆಗಲ್ವಾ? ಅಯ್ಯೋ ದೇವುಡಾ!"

"ನಿನ್ನ ದೃಷ್ಟಿ ಮನೆ ಹಾಳಾಗ! ಲಕ್ಷಣವಾಗಿ ಫೋಟೋ ಕೆಡಿಸಿಟ್ಟಿದ್ದೀಯ" ಎಂದು ಅವರು ಹಗ್ಗಕ್ಕೆ ಕೈ ಹಾಕಿದರು.

"ಮುಟ್ಟಬೇಡಿ ಸಾರ್!" ಸಂಘಮಿತ್ರ ಕೂಗಿದಳು.

ಪುಟ್ಟಸ್ವಾಮಯ್ಯನವರ ಹುಬ್ಬು ಮೇಲೇರಿತು. "ಭೇಷ್! ನಿಮ್ಮಪ್ಪ ಬುದ್ಧವಿಹಾರದಲ್ಲಿ ಕೂತು ಮೂಢನಂಬಿಕೆ ಬಿಡ್ರಪ್ಪಾ ಅಂತ ಊರಿಗೆಲ್ಲ ಬುದ್ಧಿ ಹೇಳ್ತಾರೆ. ಮಗಳು ದೃಷ್ಟಿ ಮಡಕೆ ಕಾಯ್ತಾಳೆ!"

ಅವಳು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. "ಸುಣ್ಣದ ಬೊಟ್ಟು ನೋಡಿ ಸಾರ್. ಬೆಳಗಿನ ಫೋಟೋದಲ್ಲಿ ಬೆಳ್ಳಗಿದೆ. ಈಗಿಂದ್ರಲ್ಲಿ?"

ಅವರು ಕನ್ನಡಕ ಏರಿಸಿ ನೋಡಿದರು. ಈಗಿನದರಲ್ಲಿ ಅದು ತುಪ್ಪದ ಬಣ್ಣಕ್ಕಿತ್ತು.

"ಸುಣ್ಣಕ್ಕೆ ಅಂಗಮಾರಿ ಬರಲ್ಲ ಅಲ್ವಾ ಸಾರ್? ಹಳದಿ ಆಗಿರೋದು ಬಿಸಿಲು. ಇಳಿಬಿಸಿಲನ್ನೇ ಬಂಡಿ ರೋಗ ಅಂದ್ಕೊಂಡಿದೆ. ಪ್ರತಿ ಫೋಟೋದಲ್ಲೂ ಈ ಬೊಟ್ಟನ್ನೇ ಬಿಳಿ ಅಂತ ಇಟ್ಕೊಂಡು ಮಿಕ್ಕ ಬಣ್ಣ ಅಳೀ ಅಂತ ಹೇಳಿದ್ರೆ ಆಯ್ತು!" ಹೇಳುತ್ತಲೇ ಅವಳ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದವು. ಗಂಗುಲಮ್ಮನಿಗೆ ಏನೂ ಅರ್ಥವಾಗಲಿಲ್ಲ; ಮಡಕೆ ಉಳಿಯಿತಲ್ಲ ಎಂದು ಮತ್ತೆ ಕಳೆಗೆ ಬಗ್ಗಿದಳು.

ಹೊಸ ಲೆಕ್ಕ ಬಂತು. ಬೆಳಿಗ್ಗೆಯ ಗಿಡ, ಸಂಜೆಯ ಗಿಡ ಎರಡೂ ಒಂದೇ ಮಾತು ಹೇಳಿದವು. ಪುಟ್ಟಸ್ವಾಮಯ್ಯ ಇಡೀ ಹೊಲದಲ್ಲಿ ಎಲ್ಲಕ್ಕಿಂತ ಕಡಿಮೆ ರೋಗ ಎಂದು ಬಂಡಿ ಹೇಳಿದ ಗಿಡ ಯಾವುದೆಂದು ಕೇಳಿಕೊಂಡು ಹೊರಟರು. ಅದು ಆ ತುದಿಯ ಮೂಲೆಯಲ್ಲಿತ್ತು. ಅವರು ಅಲ್ಲಿಗೆ ಬರುವುದು ಇನ್ನೂ ಮುಂದಿನ ವಾರವಾಗುತ್ತಿತ್ತು.

ಪಂಚೆ ಎತ್ತಿ ಕಟ್ಟಿ ಮಣ್ಣಿನಲ್ಲೇ ಮಂಡಿಯೂರಿದರು. ಅಕ್ಕಪಕ್ಕದ ಗಿಡಗಳ ಕೆಳಗಿನ ಎಲೆಯೆಲ್ಲ ಆಗಲೇ ಕರಕಲು. ಇದರಲ್ಲಿ ಎಲ್ಲೋ ಅಲ್ಲೊಂದು ಇಲ್ಲೊಂದು ಚುಕ್ಕೆ. ಅವೂ ಹರಡದೆ ಅಲ್ಲಲ್ಲೇ ಒಣಗಿ ನಿಂತಿದ್ದವು. ಎಲೆ ಎಲೆ ಮಗುಚಿ ನೋಡಿದರು. ಇಷ್ಟು ವರ್ಷ ತಾವು ಹುಡುಕಿದ್ದು ಇದನ್ನೇ. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ, ಸಂತೋಷವೇ ಆಯಿತು. ಆ ಬದುವಿನ ಮೇಲೆ ಕೆದರಿದ ಕೂದಲಲ್ಲಿ, ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ನಿಂತು ಸಂಘಮಿತ್ರ ತಮ್ಮನ್ನೇ ನೋಡುತ್ತಿದ್ದಳು.

"ಗಂಗುಲಮ್ಮಾ, ಅಂಥದ್ದೇ ಇನ್ನೊಂದು ಮಡಕೆ ಐತೇನಮ್ಮಾ? ಸುಣ್ಣ ಹಚ್ಚಿ ತಗೊಂಡ್ ಬಾ" ಎಂದು ಅವರು ಅಲ್ಲಿಂದಲೇ ಕೂಗಿದರು.

"ಇನ್ನೊಂದು ಬಂಡಿ ಮಾಡಿಸ್ತೀರಾ ಸ್ವಾಮಿ?"

"ಬಂಡಿಗಲ್ಲ ಕಣಮ್ಮಾ, ಆ ಹುಡುಗಿ ಪಕ್ಕದಲ್ಲಿಡು" ಎಂದರು ಪುಟ್ಟಸ್ವಾಮಯ್ಯ. "ನನ್ನ ಕಣ್ಣೇ ತಾಗೋ ಹಂಗಿದೆ."